ಹಾದಿಯಾಗಿದ್ದ ನೀರು, ನೋಟವಾದ ಊರು



ಚೀನಾ ಪ್ರವಾಸ ಎಂದೊಡನೆ ನಮ್ಮವರ ಕಣ್ಣ ಮುಂದೆ ಬರುವುದು ಮಹಾಗೋಡೆ, ಬೀಜಿಂಗಿನ ಅರಮನೆ, ಶಾಂಘೈನ ಗಗನಚುಂಬಿ ಕಟ್ಟಡಗಳು. ಮೊದಲೆರಡನ್ನು ಚಕ್ರವರ್ತಿಗಳು ಕಟ್ಟಿಸಿದರು, ಮೂರನೆಯದನ್ನು ಬಂಡವಾಳ ಕಟ್ಟಿಸಿತು. ನಾನು ಇಂದು ಮಾತಿಗೆ ಆರಿಸಿಕೊಂಡಿರುವುದು ಇವೆರಡಕ್ಕೂ ಸೇರದ ಊರುಗಳನ್ನು. ರೈತರು, ನೇಕಾರರು, ಅಂಬಿಗರು, ವರ್ತಕರು ಕೂಡಿ ಕಟ್ಟಿಕೊಂಡ ಪುಟ್ಟ ಪೇಟೆಗಳು ಅವು. ಚೀನೀಯರು ಅವನ್ನು ‘ನೀರಿನ ಊರು’ ಎಂದು ಕರೆಯುತ್ತಾರೆ. ಶಾಂಘೈಗೆ ಹೋದ ಪ್ರವಾಸಿಯನ್ನು ಒಂದು ದಿನದ ಮಟ್ಟಿಗೆ ಬಸ್ಸಿನಲ್ಲಿ ಕೂರಿಸಿ ಇಂಥದೊಂದು ಊರಿಗೆ ಕರೆದೊಯ್ಯುವುದು ಈಗ ವಾಡಿಕೆ. ಆತ ಕಮಾನು ಸೇತುವೆಯ ಮೇಲೆ ನಿಂತು ಚಿತ್ರ ತೆಗೆಸಿಕೊಂಡು, ದೋಣಿಯಲ್ಲಿ ಒಂದು ಸುತ್ತು ಹೊಡೆದು, ಸಂಜೆಗೆ ಹಿಂತಿರುಗುತ್ತಾನೆ. ನೋಡಿದ್ದು ಚೆಂದವೇ. ಆದರೆ ಏನನ್ನು ನೋಡಿದೆ ಎಂಬುದು ಅವನಿಗೆ ತಿಳಿದಿರುವುದಿಲ್ಲ. ಅದನ್ನು ತಿಳಿಯುವ ಬಗೆ ಹೇಗೆಂಬುದೇ ಈ ಹೊತ್ತಿನ ವಿಷಯ.

ಮೊದಲು ನೆಲವನ್ನು ನೋಡೋಣ. ಯಾಂಗ್‌ತ್ಸೆ ನದಿ ಸಮುದ್ರ ಸೇರುವ ಮುನ್ನ ಅದರ ದಕ್ಷಿಣ ದಂಡೆಯಲ್ಲಿ ಚಪ್ಪಟೆಯಾದ, ತಗ್ಗಾದ ಬಯಲೊಂದಿದೆ. ಅದರ ಹೆಸರು ಜಿಯಾಂಗ್‌ನಾನ್. ‘ನದಿಯ ದಕ್ಷಿಣ’ ಎಂಬುದೇ ಆ ಮಾತಿನ ಅರ್ಥ. ಈ ಬಯಲಿನ ನಡುವೆ ತಾಯ್ ಎಂಬ ಸರೋವರ. ವಿಸ್ತಾರ 2,300 ಚದರ ಕಿಲೋಮೀಟರಿಗೂ ಹೆಚ್ಚು. ಆದರೆ ಆಳ ಸರಾಸರಿ ಎರಡು ಮೀಟರಿನಷ್ಟೇ. ಇಂಥ ನೆಲದಲ್ಲಿ ನೀರು ತಾನಾಗಿ ಹರಿದು ಹೋಗುವುದಿಲ್ಲ, ನಿಲ್ಲುತ್ತದೆ. ಆದ್ದರಿಂದ ಅಲ್ಲಿನ ಜನ ಸಾವಿರಾರು ವರ್ಷಗಳಿಂದ ಎರಡು ಕೆಲಸಗಳನ್ನು ಜತೆಜತೆಯಾಗಿ ಮಾಡುತ್ತ ಬಂದರು. ಕಾಲುವೆ ತೋಡಿ ನೀರಿಗೆ ದಾರಿ ಮಾಡಿಕೊಟ್ಟರು. ತೋಡಿದ ಮಣ್ಣನ್ನು ದಂಡೆಗೆ ಹಾಕಿ, ಏರಿ ಕಟ್ಟಿ, ಏರಿಯೊಳಗೆ ಗದ್ದೆ ಮಾಡಿದರು. ಗದ್ದೆಯಲ್ಲಿ ಬತ್ತ, ಏರಿಯ ಮೇಲೆ ಹಿಪ್ಪುನೇರಳೆ, ಕಾಲುವೆಯಲ್ಲಿ ಮೀನು. ಅಂದರೆ ಅಲ್ಲಿನ ಕಾಲುವೆ ಊರಿನ ಅಲಂಕಾರಕ್ಕೆ ಹುಟ್ಟಿದ್ದಲ್ಲ. ಅದು ಹೊಲದ ಇನ್ನೊಂದು ಮುಖ.

ಈ ಸಣ್ಣ ಕಾಲುವೆಗಳ ಬಲೆಗೆ ಬೆನ್ನೆಲುಬಾದದ್ದು ಮಹಾಕಾಲುವೆ. ಸೂಯಿ ವಂಶದ ಚಕ್ರವರ್ತಿ ಯಾಂಗ್ ಕ್ರಿ.ಶ. 605ರಿಂದ 610ರ ನಡುವೆ, ಹಿಂದೆ ಇದ್ದ ತುಂಡು ಕಾಲುವೆಗಳನ್ನೂ ಸೇರಿಸಿ, ದಕ್ಷಿಣದ ಹಾಂಗ್‌ಝೌವರೆಗೆ ಇದನ್ನು ತೋಡಿಸಿದ. ಆಮೇಲೆ ಬಂದ ಅರಸರು ಉತ್ತರದ ಬೀಜಿಂಗಿಗೆ ಅದನ್ನು ಮುಟ್ಟಿಸಿದರು. ಬೀಜಿಂಗಿನಿಂದ ಹಾಂಗ್‌ಝೌಗೆ ಅದರ ಉದ್ದ ಸುಮಾರು 1,800 ಕಿಲೋಮೀಟರ್. ದಕ್ಷಿಣದ ಅಕ್ಕಿ ಉತ್ತರದ ರಾಜಧಾನಿಯ ಹೊಟ್ಟೆ ತುಂಬಿಸಿದ್ದು ಈ ದಾರಿಯಿಂದಲೇ. 2014ರಲ್ಲಿ ಯುನೆಸ್ಕೊ ಇದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಹದಿಮೂರನೆಯ ಶತಮಾನದಲ್ಲಿ ಸೂಝೌ ನಗರದಲ್ಲಿ ಆರು ಸಾವಿರ ಕಲ್ಲುಸೇತುವೆಗಳಿವೆ ಎಂದು ಬರೆದ ಮಾರ್ಕೊ ಪೋಲೋ ಲೆಕ್ಕದಲ್ಲಿ ಧಾರಾಳಿ. ಆದರೂ ಹೊರಗಿನಿಂದ ಬಂದವನಿಗೆ ಆ ನಾಡು ಕಂಡ ರೀತಿ ಆ ಸಂಖ್ಯೆಯಲ್ಲಿದೆ.

ಹೊಲದಿಂದ ಬಂದ ಅಕ್ಕಿ, ರೇಷ್ಮೆ, ಹತ್ತಿಬಟ್ಟೆಗಳನ್ನು ಕೊಂಡು ಮಹಾಕಾಲುವೆಗೆ ಸಾಗಿಸಲು ನಡುವೆ ಪೇಟೆಗಳು ಬೇಕಷ್ಟೆ. ಎರಡು ಮೂರು ಕಾಲುವೆಗಳು ಕೂಡುವಲ್ಲಿ ಅವು ಹುಟ್ಟಿದವು. ಸೊಂಗ್ ವಂಶದ ಕಾಲಕ್ಕೆ ಬೇರು ಬಿಟ್ಟು, ಮಿಂಗ್ ಮತ್ತು ಚಿಂಗ್ ವಂಶಗಳ ಕಾಲದಲ್ಲಿ ಸಿರಿವಂತವಾದವು. ಇವನ್ನು ‘ಪೂರ್ವದ ವೆನಿಸ್’ ಎಂದು ಪ್ರವಾಸಿ ಪತ್ರಿಕೆಗಳು ಕರೆಯುತ್ತವೆ. ಆ ಹೋಲಿಕೆ ನಮ್ಮನ್ನು ದಾರಿ ತಪ್ಪಿಸುತ್ತದೆ. ವೆನಿಸ್ ಸಮುದ್ರದ ಕಡೆ ಮುಖ ಮಾಡಿ ನಿಂತ ಗಣರಾಜ್ಯ, ಅದರ ಸಂಪತ್ತು ಹಡಗಿನಲ್ಲಿ ಬಂತು. ಜಿಯಾಂಗ್‌ನಾನಿನ ಊರುಗಳು ಗದ್ದೆಗಳ ಕಡೆ ಮುಖ ಮಾಡಿ ನಿಂತ ಸಂತೆಗಳು. ಸುತ್ತಲಿನ ಹಳ್ಳಿಯವನು ಬೆಳಗ್ಗೆ ದೋಣಿಯಲ್ಲಿ ಬಂದು, ಮಾರಿ, ಚಹಾದಂಗಡಿಯಲ್ಲಿ ಕೂತು ದರದ ಸುದ್ದಿ ತಿಳಿದು, ಉಪ್ಪೋ ಸೀಮೆಎಣ್ಣೆಯೋ ಕೊಂಡು ಹಿಂತಿರುಗುತ್ತಿದ್ದ. ಈ ಒಂದು ಚಿತ್ರವನ್ನು ಮನಸ್ಸಿನಲ್ಲಿಟ್ಟುಕೊಂಡರೆ ಆ ಊರುಗಳ ಪ್ರತಿಯೊಂದು ಕಲ್ಲೂ ಅರ್ಥವಾಗುತ್ತದೆ.

ಮನೆಗಳನ್ನೇ ನೋಡಿ. ಮುಂದೆ ಕಿರಿದಾದ ಕಲ್ಲುಹಾಸಿನ ಬೀದಿ, ಹಿಂದೆ ಕಾಲುವೆ. ಮುಂಬಾಗಿಲು ನಡೆದು ಬರುವವರಿಗೆ, ಹಿಂಬಾಗಿಲು ಸರಕಿಗೆ. ಹಿಂಬಾಗಿಲಿನಿಂದ ನೀರಿಗೆ ಕಲ್ಲಿನ ಮೆಟ್ಟಿಲು ಇಳಿಯುತ್ತದೆ. ಅಕ್ಕಿ ತೊಳೆಯುವುದು, ಬಟ್ಟೆ ಒಗೆಯುವುದು, ದೋಣಿಯವನಿಂದ ತರಕಾರಿ ಕೊಳ್ಳುವುದು ಎಲ್ಲವೂ ಅಲ್ಲಿಯೇ. ದಂಡೆಯ ಗೋಡೆಯಲ್ಲಿ ಅಲ್ಲಲ್ಲಿ ತೂತು ಕೊರೆದ ಕಲ್ಲುಗಳು ಕಾಣುತ್ತವೆ, ದೋಣಿಯ ಹಗ್ಗ ಕಟ್ಟುವುದಕ್ಕೆ. ಸುಣ್ಣದ ಬಿಳಿ ಗೋಡೆ, ಕಪ್ಪು ಹೆಂಚು. ಸೇತುವೆಗಳು ಬೆನ್ನು ಬಾಗಿಸಿದಂತೆ ಎತ್ತರಕ್ಕೆ ಏರುವುದು ಚೆಂದಕ್ಕಾಗಿ ಅಲ್ಲ, ಸರಕು ತುಂಬಿದ ದೋಣಿ ಕೆಳಗೆ ನುಸುಳಬೇಕು. ದೋಣಿಯ ಹಿಂಬದಿಯಲ್ಲಿ ಒಂದೇ ಉದ್ದನೆಯ ಹುಟ್ಟು. ಅದನ್ನು ನೀರಿನಿಂದ ಎತ್ತದೆ ಮೀನಿನ ಬಾಲದಂತೆ ಅತ್ತಿತ್ತ ಆಡಿಸುತ್ತಾರೆ. ಪಕ್ಕಕ್ಕೆ ಚಾಚುವ ಹುಟ್ಟುಗಳಿಗೆ ಆ ಕಿರು ಕಾಲುವೆಗಳಲ್ಲಿ ಜಾಗವೇ ಇಲ್ಲ.

ಇನ್ನು ಒಂದು ಊರಿನೊಳಗೆ ಹೋಗೋಣ. ಝೌಝುವಾಂಗ್ ಇವುಗಳಲ್ಲಿ ಅತ್ಯಂತ ಹೆಸರಾದದ್ದು. ಜಿಯಾಂಗ್‌ಸು ಪ್ರಾಂತದ ಕುನ್‌ಶಾನ್ ನಗರಕ್ಕೆ ಸೇರಿದೆ. ಹಳೆಯ ಊರಿನ ವಿಸ್ತಾರ ಅರ್ಧ ಚದರ ಕಿಲೋಮೀಟರಿನಷ್ಟು ಮಾತ್ರ. 1086ರಲ್ಲಿ ಝೌ ಎಂಬ ಮನೆತನದ ಗೃಹಸ್ಥನೊಬ್ಬ ತನ್ನ ಜಮೀನನ್ನು ಬೌದ್ಧ ದೇವಾಲಯಕ್ಕೆ ದಾನ ಕೊಟ್ಟ. ಅವನ ನೆನಪಿಗೆ ಊರಿಗೆ ‘ಝೌ ಅವರ ಜಮೀನು’ ಎಂಬ ಹೆಸರು ಬಂತು. ಆದರೆ ಊರು ನೆನೆಯುವುದು ಇನ್ನೊಬ್ಬನನ್ನು. ಅವನು ಶೆನ್ ವಾನ್‌ಸಾನ್, ಹದಿನಾಲ್ಕನೆಯ ಶತಮಾನದ ವರ್ತಕ.

ಶೆನ್ ವಾನ್‌ಸಾನನ ಕತೆಯನ್ನು ಅಲ್ಲಿ ಅಂಗಡಿಯವರೂ ಹೇಳುತ್ತಾರೆ. ಮಿಂಗ್ ವಂಶದ ಸ್ಥಾಪಕ ಝು ಯುವಾನ್‌ಝಾಂಗ್ ನಾನ್‌ಜಿಂಗಿನಲ್ಲಿ ಕೋಟೆ ಕಟ್ಟಿಸುವಾಗ ಅದರ ಮೂರನೆಯ ಒಂದು ಪಾಲಿನ ಖರ್ಚನ್ನು ಈ ವರ್ತಕ ಹೊತ್ತನಂತೆ. ಅಷ್ಟಕ್ಕೆ ಸುಮ್ಮನಿರದೆ ಸೈನಿಕರಿಗೂ ಇನಾಮು ಕೊಡುತ್ತೇನೆ ಎಂದನಂತೆ. ಪ್ರಜೆಯೊಬ್ಬ ಚಕ್ರವರ್ತಿಯ ಸೈನ್ಯಕ್ಕೆ ಇನಾಮು ಕೊಡುವುದೆಂದರೇನು ಎಂದು ಸಿಟ್ಟಾದ ದೊರೆ ಅವನನ್ನು ದೂರದ ಯುನ್ನಾನಿಗೆ ಗಡೀಪಾರು ಮಾಡಿದನಂತೆ. ಶೆನ್ ವಾನ್‌ಸಾನ್ 1368ರಲ್ಲಿ ಮಿಂಗ್ ಆಳ್ವಿಕೆ ಶುರುವಾಗುವ ಮುಂಚೆಯೇ ತೀರಿಕೊಂಡಿದ್ದ ಎಂದು ವಾದಿಸುವ ಇತಿಹಾಸಕಾರರಿದ್ದಾರೆ. ಇರಲಿ, ಕತೆ ನಿಜವಲ್ಲದಿದ್ದರೂ ಅದರ ಹಿಂದಿನ ಭಯ ನಿಜ. ಹಣವಿದ್ದು ಅಧಿಕಾರವಿಲ್ಲದ ವರ್ತಕನ ಪಾಡು ಏನು ಎಂಬುದನ್ನು ಜಿಯಾಂಗ್‌ನಾನಿನ ಜನ ಚೆನ್ನಾಗಿ ಬಲ್ಲರು. ಆ ನಾಡಿನ ಮೇಲೆ ಮಿಂಗ್ ದೊರೆ ಹೇರಿದ ಕಂದಾಯ ದೇಶದಲ್ಲೇ ಭಾರವಾದುದಾಗಿತ್ತು.

ಅದೇ ಕತೆಯ ಇನ್ನೊಂದು ತುಣುಕು ಊಟದ ತಟ್ಟೆಯಲ್ಲಿದೆ. ಝೌಝುವಾಂಗಿನ ಬೀದಿಯುದ್ದಕ್ಕೂ ಕೆಂಪಗೆ ಹೊಳೆಯುವ ಹಂದಿಯ ಕಾಲಿನ ಮಾಂಸವನ್ನು ಮಾರುತ್ತಾರೆ. ಅದಕ್ಕೆ ‘ವಾನ್‌ಸಾನನ ಕಾಲು’ ಎಂದೇ ಹೆಸರು. ಚಕ್ರವರ್ತಿ ಮನೆಗೆ ಬಂದಾಗ ಇದೇನು ಖಾದ್ಯ ಎಂದು ಕೇಳಿದನಂತೆ. ಚೀನೀ ಭಾಷೆಯಲ್ಲಿ ಹಂದಿಗೆ ‘ಝು’ ಎನ್ನುತ್ತಾರೆ, ದೊರೆಯ ಮನೆತನದ ಹೆಸರೂ ಝು. ಬಾಯಿ ತಪ್ಪಿದರೆ ತಲೆ ಹೋಗುತ್ತಿತ್ತು. ವರ್ತಕ ತನ್ನ ತೊಡೆ ತಟ್ಟಿ, ಇದು ವಾನ್‌ಸಾನನ ಕಾಲು ಪ್ರಭು ಎಂದನಂತೆ. ದೊರೆಯ ಮುಂದೆ ಚಾಕು ತೆಗೆಯುವುದೂ ಅಪರಾಧವೇ. ಹಾಗಾಗಿ ಮಾಂಸದೊಳಗಿನ ತೆಳು ಎಲುಬನ್ನೇ ಎಳೆದು ಅದರಿಂದ ಕೊಯ್ದು ಬಡಿಸಿದನಂತೆ. ಇಂದಿಗೂ ಅದನ್ನು ಕೊಯ್ಯುವುದು ಹಾಗೆಯೇ. ಸಸ್ಯಾಹಾರಿಗಳು ಕೇಳಿಯೇ ತೃಪ್ತರಾಗಬೇಕು.

ಶೆನ್ ವಂಶಜನೊಬ್ಬ 1742ರಲ್ಲಿ ಕಟ್ಟಿಸಿದ ಮನೆ ಈಗಲೂ ಇದೆ. ಒಂದರ ಹಿಂದೆ ಒಂದರಂತೆ ತೊಟ್ಟಿಗಳು, ನೂರಕ್ಕೂ ಹೆಚ್ಚು ಕೋಣೆಗಳು. ಮೊದಲು ದೋಣಿಕಟ್ಟೆ, ಆಮೇಲೆ ಅಂಗಡಿ, ಆಮೇಲೆ ಅತಿಥಿಗಳ ಹಜಾರ, ಕೊನೆಗೆ ಸಂಸಾರದ ಕೋಣೆ. ಹೊರಗಿನವನು ಎಷ್ಟು ಒಳಗೆ ಬರಬಹುದು ಎಂಬುದನ್ನು ಮನೆಯೇ ನಿರ್ಧರಿಸುತ್ತದೆ. ಸಮೀಪದ ಝಾಂಗ್ ಮನೆ ಇನ್ನೂ ಹಳೆಯದು, ಮಿಂಗ್ ಕಾಲದ್ದು. ಅದರೊಳಗೆ ಒಂದು ಸಣ್ಣ ತೊರೆಯೇ ಹರಿಯುತ್ತದೆ. ಪಲ್ಲಕ್ಕಿ ಮುಂಬಾಗಿಲಿಂದ, ದೋಣಿ ಮನೆಯ ನಡುವಿನಿಂದ ಎಂದು ಊರವರು ಹೆಮ್ಮೆಪಡುತ್ತಾರೆ.

ಎರಡು ಕಾಲುವೆಗಳು ಕೂಡುವ ಮೂಲೆಯಲ್ಲಿ ಜೋಡಿಸೇತುವೆಗಳಿವೆ. ಇವು ಮಿಂಗ್ ವಂಶದ ವಾನ್‌ಲಿ ಚಕ್ರವರ್ತಿಯ ಕಾಲದವು. ಒಂದರ ಕಂಡಿ ದುಂಡು, ಇನ್ನೊಂದರದು ಚೌಕ. ಒಟ್ಟಿಗೆ ನೋಡಿದರೆ ಹಳೆಯ ಕಾಲದ ಕೀಲಿಕೈಯಂತೆ ಕಾಣುತ್ತವೆ. ಝೌಝುವಾಂಗಿನ ಇತ್ತೀಚಿನ ಚರಿತ್ರೆಯ ಬೀಗ ತೆರೆದದ್ದೂ ಈ ಸೇತುವೆಗಳೇ. ಅದು ಹೇಗೆಂದು ಹೇಳಬೇಕಾದರೆ ಒಂದು ಪ್ರಶ್ನೆ ಕೇಳಿಕೊಳ್ಳಬೇಕು. ಇಷ್ಟೆಲ್ಲ ಹಳೆಯದು ಉಳಿದದ್ದಾದರೂ ಹೇಗೆ?

ಉತ್ತರ ಸರಳ, ಸ್ವಲ್ಪ ಕಹಿ. ಊರು ಹಿಂದೆ ಬಿದ್ದದ್ದರಿಂದ ಉಳಿಯಿತು. ಹತ್ತೊಂಬತ್ತನೆಯ ಶತಮಾನದ ನಡುವಿನ ತಾಯ್‌ಪಿಂಗ್ ದಂಗೆ ಈ ನಾಡನ್ನು ಸುಟ್ಟು ಹಾಳುಗೆಡವಿತು. ಶಾಂಘೈ ಬಂದರು ಬೆಳೆದು ವ್ಯಾಪಾರವನ್ನೆಲ್ಲ ಎಳೆದುಕೊಂಡಿತು. ರೈಲು ಬಂತು, ಲಾರಿ ಬಂತು, ನೀರಿನ ದಾರಿಯ ಬೆಲೆ ಇಳಿಯಿತು. 1978ರ ನಂತರ ಆರ್ಥಿಕ ಸುಧಾರಣೆ ಆರಂಭವಾದಾಗ ಈ ಭಾಗದ ಪೇಟೆಗಳು ಪೈಪೋಟಿಗೆ ಬಿದ್ದು ಕಾರ್ಖಾನೆ ತೆರೆದವು. ಕಾಲುವೆ ಮುಚ್ಚಿ ರಸ್ತೆ ಮಾಡಿದವು, ಹಳೆಯ ಮನೆ ಕೆಡವಿ ಕಾಂಕ್ರೀಟ್ ಎಬ್ಬಿಸಿದವು. ಹೀಗೆ ಕಣ್ಮರೆಯಾದ ನೀರಿನ ಊರುಗಳು ಒಂದೆರಡಲ್ಲ. ಸುತ್ತ ಕೆರೆಗಳಿದ್ದು ದೋಣಿಯನ್ನೇ ನಂಬಿದ್ದ ಝೌಝುವಾಂಗಿಗೆ ಆ ಭಾಗ್ಯ ತಡವಾಗಿ ಬರುವುದಿತ್ತು.

ಆ ತಡದಲ್ಲಿ ಇಬ್ಬರು ಬಂದರು. ಒಬ್ಬ ಕಲಾವಿದ, ಚೆನ್ ಯಿಫೇ. ಅಮೆರಿಕದಲ್ಲಿ ನೆಲೆಸಿದ್ದ ಈ ಚಿತ್ರಕಾರ ಜೋಡಿಸೇತುವೆಗಳನ್ನು ತೈಲವರ್ಣದಲ್ಲಿ ಬರೆದು ‘ಊರಿನ ನೆನಪು’ ಎಂಬರ್ಥದ ಹೆಸರಿಟ್ಟ. ಅಮೆರಿಕದ ಎಣ್ಣೆ ಉದ್ಯಮಿ ಆರ್ಮಂಡ್ ಹ್ಯಾಮರ್ ಅದನ್ನು ಕೊಂಡು 1984ರಲ್ಲಿ ಚೀನಾದ ನಾಯಕ ಡೆಂಗ್ ಷಿಯಾವೊಪಿಂಗ್ ಅವರಿಗೆ ಉಡುಗೊರೆಯಾಗಿ ಕೊಟ್ಟ. ಯಾರಿಗೂ ಬೇಡವಾಗಿದ್ದ ಊರು ಒಂದೇ ಏಟಿಗೆ ದೇಶದ ಕಣ್ಣಿಗೆ ಬಿತ್ತು. ಇನ್ನೊಬ್ಬರು ಶಾಂಘೈನ ತೊಂಗ್‌ಜಿ ವಿಶ್ವವಿದ್ಯಾಲಯದ ನಗರ ಯೋಜನೆಯ ಪ್ರಾಧ್ಯಾಪಕ ರುವಾನ್ ಯಿಸಾನ್. ಅವರು ಊರೂರು ಅಲೆದು, ಹಳೆಯದನ್ನು ಮುಟ್ಟಬೇಡಿ, ಹೊಸದನ್ನು ಪಕ್ಕದಲ್ಲಿ ಕಟ್ಟಿಕೊಳ್ಳಿ ಎಂದು ಅಧಿಕಾರಿಗಳಿಗೆ ಹೇಳುತ್ತ ಬಂದರು. ಬಹಳ ಕಡೆ ಅವರ ಮಾತಿಗೆ ಬಾಗಿಲು ಮುಚ್ಚಿತ್ತು. 1986ರಲ್ಲಿ ಝೌಝುವಾಂಗಿಗಾಗಿ ಸಂರಕ್ಷಣಾ ಯೋಜನೆ ಸಿದ್ಧವಾಯಿತು. ಮುಂದೆ ಊರಿನ ಪಕ್ಕದಲ್ಲೇ ಹೆದ್ದಾರಿ ಹಾಯಿಸುವ ಮಾತು ಬಂದಾಗಲೂ ಅವರು ಹಟ ಹಿಡಿದು ವಿರೋಧಿಸಿದರು. ಝೌಝುವಾಂಗ್, ತೊಂಗ್‌ಲಿ, ಲುಝಿ, ನಾನ್‌ಷುನ್, ವೂಝೆನ್, ಷೀತಾಂಗ್ ಎಂಬ ಆರು ಊರುಗಳು ಇಂದು ಉಳಿದಿದ್ದರೆ ಅದರಲ್ಲಿ ಅವರ ಪಾಲು ದೊಡ್ಡದು. 2003ರಲ್ಲಿ ಈ ನೀರಿನ ಊರುಗಳ ಸಂರಕ್ಷಣೆಗೆ ಯುನೆಸ್ಕೊದ ಏಷ್ಯಾ–ಪೆಸಿಫಿಕ್ ಪ್ರಶಸ್ತಿಯೂ ಬಂತು.

ಇಲ್ಲಿಗೆ ಕತೆ ಮುಗಿದಿದ್ದರೆ ನಾವೆಲ್ಲ ಚಪ್ಪಾಳೆ ತಟ್ಟಿ ಎದ್ದುಹೋಗಬಹುದಿತ್ತು. ಆದರೆ ನಿಜವಾದ ಪ್ರಶ್ನೆ ಶುರುವಾಗುವುದೇ ಇಲ್ಲಿಂದ. ಕಲ್ಲು ಉಳಿಯಿತು. ಊರು ಉಳಿಯಿತೇ?

ಝೌಝುವಾಂಗಿನಲ್ಲಿ ಪ್ರವಾಸಿಗೆ ಟಿಕೆಟ್ ಇದೆ, ಟಿಕೆಟಿನ ಹಣದಿಂದ ದುರಸ್ತಿ ನಡೆಯುತ್ತದೆ. ಜನ ಅಲ್ಲಿಯೇ ಇದ್ದಾರೆ, ನಿಜ. ಆದರೆ ಬೀದಿಬದಿಯ ಮನೆಯೆಂದರೆ ಅಂಗಡಿ ಎಂಬಂತಾಗಿದೆ. ಕಿರಿಯರು ಹೊಸ ಬಡಾವಣೆಗೆ ಹೋದರು, ಹಳೆಯ ಮನೆ ಹೊರಗಿನ ವ್ಯಾಪಾರಿಗೆ ಬಾಡಿಗೆಗೆ ಹೋಯಿತು. ಅವರನ್ನು ದೂಷಿಸುವುದು ಸುಲಭ. ಹಳೆಯ ಮನೆಗಳು ನೋಡಲು ಸೊಗಸು, ಬಾಳಲು ಕಷ್ಟ. ತೇವ ಹಿಡಿದ ಗೋಡೆ, ಶೌಚಾಲಯವಿಲ್ಲದ ಕೋಣೆ. ರಾತ್ರಿಯ ಮರದ ಮಲಪಾತ್ರೆಯನ್ನು ಬೆಳಗ್ಗೆ ಹೊರಗೆ ಒಯ್ದು ತೊಳೆಯಬೇಕಾಗಿದ್ದ ಹೆಂಗಸು ಹೊಸ ಮನೆಯ ನಲ್ಲಿ, ಸ್ನಾನದ ಕೋಣೆಗಳನ್ನು ಬಯಸಿದರೆ ತಪ್ಪೆನ್ನುವ ಹಕ್ಕು ನಮಗಿಲ್ಲ.

ವೂಝೆನ್ ಇನ್ನೊಂದು ದಾರಿ ಹಿಡಿಯಿತು. ಝೆಜಿಯಾಂಗ್ ಪ್ರಾಂತದ ಈ ಊರು ಮಹಾಕಾಲುವೆಯ ದಂಡೆಯಲ್ಲಿದೆ. ಅದರ ಪೂರ್ವ ಭಾಗ 2001ರಲ್ಲಿ ಪ್ರವಾಸಿಗರಿಗೆ ತೆರೆಯಿತು. ಪಶ್ಚಿಮ ಭಾಗದಲ್ಲಿ ಒಂದು ಕಂಪನಿ ಮನೆಗಳನ್ನು ಕೊಂಡುಕೊಂಡು, ಅಲ್ಲಿದ್ದ ಕುಟುಂಬಗಳನ್ನು ಬೇರೆಡೆಗೆ ಕಳಿಸಿ, ತಂತಿ–ಕೊಳವೆಗಳನ್ನೆಲ್ಲ ನೆಲದಡಿಗೆ ಸೇರಿಸಿ, ಮನೆಗಳನ್ನು ಒಳಗಿನಿಂದ ಹೊಸದು ಮಾಡಿ 2007ರಲ್ಲಿ ತೆರೆಯಿತು. ಹಳೆಯ ನಿವಾಸಿಗಳಲ್ಲಿ ಕೆಲವರು ಮರಳಿ ಬಂದದ್ದು ಅತಿಥಿಗಳನ್ನು ನೋಡಿಕೊಳ್ಳುವ ಕೆಲಸಕ್ಕೆ. 2013ರಿಂದ ಅಲ್ಲಿ ನಾಟಕೋತ್ಸವ, 2014ರಿಂದ ವಿಶ್ವ ಅಂತರ್ಜಾಲ ಸಮ್ಮೇಳನ ನಡೆಯುತ್ತಿವೆ. ರಾತ್ರಿ ದೀಪ ಹೊತ್ತಿದಾಗ ಅದರಷ್ಟು ಚೆಲುವಾದ ಊರು ಇನ್ನೊಂದಿಲ್ಲ. ಗದ್ದಲವಿಲ್ಲ, ಕೊಳಕಿಲ್ಲ. ಆದರೆ ಅಲ್ಲಿ ಅಜ್ಜಿಯ ಮನೆಗೆಂದು ಬರುವ ಮೊಮ್ಮಗನಿಲ್ಲ, ಸಾಲ ಕೊಡದ ಅಂಗಡಿಯವನೊಂದಿಗೆ ಜಗಳವಾಡುವ ಗಿರಾಕಿಯಿಲ್ಲ.

ಇದೇ ವೂಝೆನ್ ಮಾವೊ ದುನ್ ಎಂಬ ದೊಡ್ಡ ಲೇಖಕ 1896ರಲ್ಲಿ ಹುಟ್ಟಿದ ಊರು. ಅವನ ಮನೆ ಈಗ ಸಂಗ್ರಹಾಲಯ. ಈ ಊರುಗಳಿಗೆ ಹೋಗುವ ಮುನ್ನ ಅವನ ‘ವಸಂತದ ರೇಷ್ಮೆಹುಳು’ ಎಂಬ 1932ರ ಕತೆಯನ್ನು ಓದಿದವರಿಗೆ ಕಾಲುವೆ ಬೇರೆಯಾಗಿಯೇ ಕಾಣುತ್ತದೆ. ಅದರಲ್ಲಿ ಒಂದು ರೈತ ಕುಟುಂಬ ಸಾಲ ಮಾಡಿ ಸೊಪ್ಪು ತಂದು, ನಿದ್ದೆಗೆಟ್ಟು ಹುಳು ಸಾಕುತ್ತದೆ. ಗೂಡು ಎಂದೂ ಇಲ್ಲದಷ್ಟು ಚೆನ್ನಾಗಿ ಬರುತ್ತದೆ. ಆದರೆ ಯುದ್ಧದಿಂದಾಗಿ ನೂಲು ತೆಗೆಯುವ ಕಾರ್ಖಾನೆಗಳು ಬಾಗಿಲು ಹಾಕಿವೆ. ದೂರದ ವೂಷಿಗೆ ದೋಣಿಯಲ್ಲಿ ಹೊತ್ತೊಯ್ದು ಅಗ್ಗಕ್ಕೆ ಮಾರಬೇಕಾಗುತ್ತದೆ. ಬೆಳೆ ಹೆಚ್ಚಿದಂತೆ ಸಾಲವೂ ಹೆಚ್ಚುತ್ತದೆ. ಈ ಕತೆಯನ್ನು ನಮ್ಮ ರಾಮನಗರ, ಕೋಲಾರದ ಕಡೆಯ ರೇಷ್ಮೆ ಬೆಳೆಗಾರರಿಗೆ ಬಿಡಿಸಿ ಹೇಳಬೇಕಿಲ್ಲ. ಚೀನಾದ ಅಗ್ಗದ ಕಚ್ಚಾ ರೇಷ್ಮೆ ಬಂದು ಇಳಿದಾಗಲೆಲ್ಲ ಇಲ್ಲಿನ ಗೂಡಿನ ಮಾರುಕಟ್ಟೆ ನಡುಗಿದ್ದನ್ನು ಅವರು ಕಂಡವರು. ಕಾಲುವೆಯ ನೀರಿನಲ್ಲಿ ಕೆಂಪು ದೀಪದ ನೆರಳು ನೋಡಿ ಮೈಮರೆಯುವ ನಾವು, ಅದೇ ನೀರಿನ ಮೇಲೆ ಗೂಡು ತುಂಬಿದ ದೋಣಿಯೊಂದು ದರ ಸಿಗದೆ ಅಲೆದದ್ದನ್ನೂ ನೆನೆಯಬೇಕು.

ನೀರಿನ ಮಾತು ಬಂದದ್ದರಿಂದ ಇನ್ನೊಂದನ್ನೂ ಹೇಳಬೇಕು. ಒಂದು ಕಾಲಕ್ಕೆ ಆ ಮೆಟ್ಟಿಲುಗಳಲ್ಲಿ ಅಕ್ಕಿ ತೊಳೆಯುತ್ತಿದ್ದ ನೀರು ಅದು. ಕಾರ್ಖಾನೆ, ಗೊಬ್ಬರ, ಚರಂಡಿಗಳ ಹೊಲಸೆಲ್ಲ ಸೇರಿ 2007ರ ಬೇಸಿಗೆಯಲ್ಲಿ ತಾಯ್ ಸರೋವರದ ಮೇಲೆ ಹಸಿರು ಪಾಚಿ ಹಬ್ಬಿತು. ವೂಷಿ ನಗರದ ಸುಮಾರು ಇಪ್ಪತ್ತು ಲಕ್ಷ ಜನ ದಿನಗಟ್ಟಲೆ ಕುಡಿಯುವ ನೀರಿಲ್ಲದೆ ಪರದಾಡಿದರು. ಆಮೇಲೆ ಸರ್ಕಾರ ಕಾರ್ಖಾನೆಗಳನ್ನು ಮುಚ್ಚಿಸಿತು, ಶುದ್ಧೀಕರಣಕ್ಕೆ ಅಪಾರ ಹಣ ಸುರಿಯಿತು. ಊರಿನ ಗೋಡೆಗಳನ್ನು ಎಷ್ಟೇ ಜೋಪಾನ ಮಾಡಿದರೂ ಮೂವತ್ತು ಮೈಲಿ ಆಚೆಯ ಹೊಲಸು ಅದೇ ಕಾಲುವೆಯಲ್ಲಿ ಹರಿದು ಬರುತ್ತದೆ. ನೀರಿನ ಊರನ್ನು ಉಳಿಸುವುದೆಂದರೆ ಇಡೀ ಬಯಲಿನ ನೀರನ್ನು ಉಳಿಸುವುದು.

ಹಾಗಾದರೆ ಯಾವ ದಾರಿ ಸರಿ? ಜನರಿರುವ, ಆದರೆ ಅಂಗಡಿಯೇ ಆಗಿಬಿಟ್ಟ ಝೌಝುವಾಂಗೋ? ಅಚ್ಚುಕಟ್ಟಾದ, ಆದರೆ ಬಾಳು ಬರಿದಾದ ವೂಝೆನೋ? ನನ್ನ ಅನಿಸಿಕೆಯಲ್ಲಿ ಹಳೆಯ ಊರಿನ ಸಂರಕ್ಷಣೆಯಲ್ಲಿ ಮೊದಲ ಖರ್ಚು ಅಲ್ಲಿನ ನಿವಾಸಿಯ ನಲ್ಲಿಗೆ, ಶೌಚಾಲಯಕ್ಕೆ, ಸೋರುವ ಮಾಡಿಗೆ ಆಗಬೇಕು. ಹೊರಗೋಡೆಯ ಸುಣ್ಣದ ಸರದಿ ಆಮೇಲೆ ಬರಲಿ. ವೂಝೆನ್ ಕಂಪನಿ ಅತಿಥಿಗಾಗಿ ಮಾಡಿದ ಸೌಕರ್ಯವನ್ನು ಮನೆಯವರಿಗಾಗಿಯೇ ಮಾಡಬಹುದಿತ್ತಲ್ಲ? ಹಳೆಯ ಗೋಡೆಯೊಳಗೆ ಹೊಸ ಸ್ನಾನದ ಕೋಣೆ ಕೂರಿಸಬಹುದೆಂದು ಅದೇ ಊರು ತೋರಿಸಿಕೊಟ್ಟಿದೆ. ಲಾಭ ಕಡಿಮೆಯಾಗುತ್ತಿತ್ತು, ಕೆಲಸ ನಿಧಾನವಾಗುತ್ತಿತ್ತು. ಆದರೆ ಊರು ಊರಾಗಿಯೇ ಇರುತ್ತಿತ್ತು.

ಕೊನೆಯದಾಗಿ, ನಿಮ್ಮಲ್ಲಿ ಯಾರಾದರೂ ಅತ್ತ ಹೋಗುವವರಿದ್ದರೆ ಎರಡು ಮಾತು. ಒಂದೇ ಊರನ್ನು ಆರಿಸಿಕೊಳ್ಳಿ, ಒಂದು ರಾತ್ರಿ ಅಲ್ಲೇ ತಂಗಿ. ಸೂಝೌನಿಂದ ತೊಂಗ್‌ಲಿಯವರೆಗೆ 2017ರಿಂದ ಮೆಟ್ರೊ ರೈಲೇ ಇದೆ. ಅಲ್ಲಿ ನಿವೃತ್ತ ಅಧಿಕಾರಿಯೊಬ್ಬ 1885ರಲ್ಲಿ ಶುರುಮಾಡಿ ಎರಡು ವರ್ಷದಲ್ಲಿ ಮುಗಿಸಿದ ಸೊಗಸಾದ ಉದ್ಯಾನವಿದೆ. ಆರೋಪ ಹೊತ್ತು ಹುದ್ದೆ ಕಳೆದುಕೊಂಡು ಬಂದ ಆತ ಅದಕ್ಕೆ ‘ಹಿಂದೆ ಸರಿದು ಆಲೋಚಿಸುವ ತೋಟ’ ಎಂದು ಹೆಸರಿಟ್ಟ. ಸಮೀಪದಲ್ಲೇ ಶಾಂತಿ, ಶುಭ, ಸಂಭ್ರಮ ಎಂಬರ್ಥದ ಹೆಸರಿನ ಮೂರು ಸಣ್ಣ ಸೇತುವೆಗಳು. ಮದುವೆಯ ದಿಬ್ಬಣ ಮೂರನ್ನೂ ದಾಟಬೇಕೆಂಬುದು ಊರಿನ ಪದ್ಧತಿ.

ಬೆಳಗ್ಗೆ ಪ್ರವಾಸಿ ಬಸ್ಸುಗಳು ಬರುವ ಮುನ್ನ ಎದ್ದು ಕಾಲುವೆಯ ದಂಡೆಯಲ್ಲಿ ನಡೆಯಿರಿ. ಆ ಹೊತ್ತಿಗೆ ಮೆಟ್ಟಿಲಿನಲ್ಲಿ ಬಟ್ಟೆ ಒಗೆಯುವ ಮುದುಕಿ, ಬಾಗಿಲಲ್ಲಿ ಸೊಪ್ಪು ಬಿಡಿಸುವ ಮುದುಕ ಕಂಡರೆ ಕ್ಯಾಮೆರಾ ಕೆಳಗಿಳಿಸಿ, ತಲೆಬಾಗಿ ನಮಸ್ಕರಿಸಿ ಮುಂದೆ ಹೋಗಿ. ಅದು ಪ್ರದರ್ಶನವಲ್ಲ, ಅವರ ಮನೆ. ಕೆಂಪು ದೀಪಗಳನ್ನು ನಾಳೆ ಇನ್ನಷ್ಟು ತೂಗುಹಾಕಬಹುದು, ಬಿದ್ದ ಸೇತುವೆಯನ್ನು ಮತ್ತೆ ಕಟ್ಟಬಹುದು. ಆ ಮೆಟ್ಟಿಲಿಗೆ ಇಳಿಯುವ ಕೊನೆಯ ಮನೆಯವರು ಊರು ಬಿಟ್ಟರೆ ಅವರನ್ನು ಮರಳಿ ತರುವ ಯೋಜನೆಯನ್ನು ಇನ್ನೂ ಯಾರೂ ಬರೆದಿಲ್ಲ.